ಐದು ಸ್ವರ, ಎರಡು ಭರಣಿ

ಕೊಪ್ಪ ತಾಲ್ಲೂಕಿನ ಪ್ರಪ್ರಥಮ ಜಾಝ್ ಬಾಸ್ ಗಿಟಾರ್ ವಾದಕನಾಗಿಯೇ ತೀರುತ್ತೇನೆ ಎಂದು ನನ್ನ ಐವತ್ತೆರಡನೆಯ ಹುಟ್ಟುಹಬ್ಬದ ದಿನ ಘೋಷಿಸಿಬಿಟ್ಟೆ. ಪೈಪೋಟಿಗೆ ಇನ್ನೊಬ್ಬರಿಲ್ಲದ್ದರಿಂದ ಗೆಲುವು ಖಚಿತವಾಗಿತ್ತು. ಇಪ್ಪತ್ತೈದು ವರ್ಷ ಹೈಸ್ಕೂಲು ಮಕ್ಕಳಿಗೆ ಬೀಜಗಣಿತ ಅರೆದು ಕುಡಿಸಿದ ಮೇಷ್ಟ್ರಿಗೆ ನಾಲ್ಕು ತಂತಿ ಯಾವ ಲೆಕ್ಕ!

ಗಿಟಾರು ಸಿಕ್ಕಿದ್ದು ಬಾಳೆಹೊನ್ನೂರಿನ ಹರೀಶನಿಂದ. ಅವನ ಆರ್ಕೆಸ್ಟ್ರಾ ಮುಚ್ಚಿಹೋಗಿತ್ತು. ಅಕ್ಕಿಮೂಟೆಯಷ್ಟು ಭಾರದ ಆಂಪ್ಲಿಫೈಯರನ್ನೂ ಆಟೋಗೆ ಹೇರಿಕೊಟ್ಟು, "ಬಾಸ್ ಅಂದ್ರೆ ಹಾಡೋರ ಹಿಂದೆ ನಿಲ್ಲೋದು ಸಾರ್. ಇದ್ದಾಗ ಯಾರಿಗೂ ಗೊತ್ತಾಗಲ್ಲ, ನಿಂತುಹೋದಾಗ್ಲೇ ಗೊತ್ತಾಗೋದು" ಎಂದ. ಆ ಮಾತು ನನಗೆ ನಾಟಿತು.

ಯಾಕೆಂದರೆ ನಮ್ಮ ಮನೆಯಲ್ಲೂ ಒಂದು ನಿಂತುಹೋಗಿತ್ತು. ನನ್ನ ಹೆಂಡತಿ ಶ್ರೀವಾಣಿಯ ಹಾಡು. ಮದುವೆಯಾದ ಹೊಸತರಲ್ಲಿ ಅವಳು ಕಾಯಿ ತುರಿಯುವಾಗಲೂ ಹಾಡುತ್ತಿದ್ದಳು. ಒಂಬತ್ತು ವರ್ಷದ ಹಿಂದೆ ಒಂದು ಸಂಜೆ, ಟಿ.ವಿ.ಯಲ್ಲಿ ಚುನಾವಣೆಯ ಫಲಿತಾಂಶ ನೋಡುತ್ತಿದ್ದ ನಾನು, "ಸ್ವಲ್ಪ ಮೆಲ್ಲಗೆ ಮಾರಾಯ್ತಿ, ಏನೂ ಕೇಳ್ತಿಲ್ಲ" ಎಂದೆ. ಅವಳು ಮೆಲ್ಲಗೆ ಮಾಡಲಿಲ್ಲ, ನಿಲ್ಲಿಸಿಯೇ ಬಿಟ್ಟಳು. ಅಂದು ಗೆದ್ದವರು ಯಾರೆಂದು ಈಗ ನೆನಪಿಲ್ಲ. ಆ ದನಿ ಮಾತ್ರ ದಿನಾ ನೆನಪಾಗಿ ಮನೆಯೇ ಬಿಕೋ ಎನ್ನುತ್ತಿತ್ತು. ಹಾಡು ಎಂದು ಬಾಯಿಬಿಟ್ಟು ಕೇಳಲು ಮೇಷ್ಟ್ರ ಗತ್ತು ಬಿಡಬೇಕಲ್ಲ! ನಾನು ಬಾಸ್ ಕಲಿತರೆ ಒಂದಲ್ಲ ಒಂದು ದಿನ ಅವಳು ಹಾಡಿಯಾಳು, ಹಿಂದೆ ನಿಲ್ಲಲು ನಾನಿರುತ್ತೇನೆ ಎಂಬುದು ನನ್ನ ಗುಪ್ತ ಯೋಜನೆ.

ಫೋನಿನೊಳಗಿನ ಗಡ್ಡದ ಗುರು ಮೊದಲು ಹೇಳಿಕೊಟ್ಟದ್ದು ಜಾಝಿನ ಪೆಂಟಾಟಾನಿಕ್ ಸ್ಕೇಲು. ಏಳು ಸ್ವರಗಳಲ್ಲಿ ಎರಡನ್ನು ಕೈಬಿಟ್ಟು ಐದರಲ್ಲೇ ಹತ್ತಿ ಇಳಿಯಬೇಕು. ನನ್ನ ಬೆರಳುಗಳೋ, ಬಿಟ್ಟ ಎರಡನ್ನೇ ಹುಡುಕಿಕೊಂಡು ಹೋಗುತ್ತಿದ್ದವು. ಶಾಲೆ ಬಿಟ್ಟು ಬಂದವನೇ ಹಿಂದಿನ ಉಗ್ರಾಣ ಸೇರಿ ಅಭ್ಯಾಸಕ್ಕೆ ಕೂರುತ್ತಿದ್ದೆ. ನೆಲ ಥಂಡಿಯೆಂದು ಆಂಪ್ಲಿಫೈಯರನ್ನು ಅಲ್ಲಿದ್ದ ಮರದ ಸ್ಟ್ಯಾಂಡಿನ ಕೆಳಹಲಗೆಗೆ ತುರುಕಿದೆ. ಅದರ ಮೂತಿ ಒಂದು ಗೇಣು ಹೊರಗೇ ಉಳಿಯಿತು. ಮೇಲಿನ ಹಲಗೆಯಲ್ಲಿ ಅತ್ತೆ ಕಮ್ಮರಡಿಯಿಂದ ಕಳಿಸಿದ ಮಾವಿನ ಮಿಡಿಯ ಎರಡು ಭರಣಿಗಳಿದ್ದವು. ಮಿಡಿಯನ್ನು ಉಪ್ಪಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿದ ಮೇಲೆ ಭರಣಿಯನ್ನು ಅಲುಗಿಸಬಾರದೆಂಬುದು ಅತ್ತೆಯ ಕಾನೂನು. ಶ್ರೀವಾಣಿ ಅದರ ಪೊಲೀಸು.

ಎರಡನೆಯ ವಾರ ವಿಚಾರಣೆ ನಡೆಯಿತು. "ಗೋಡೆಗೆ ತಾಗಿ ಇದ್ದ ಭರಣಿ ನಾಲ್ಕು ಬೆರಳು ಮುಂದೆ ಬಂದಿದೆ. ಕದ್ದು ಮಿಡಿ ತಿಂತಿದ್ದೀರಾ?"

ಬಿ.ಪಿ. ಇರುವವನು ನಾನು, ಉಪ್ಪಿನಕಾಯಿಯ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಆಣೆಯಿಟ್ಟೆ. ಅವಳು ಭರಣಿಯನ್ನು ಹಿಂದೆ ಸರಿಸಿದಳು. ಮೂರನೆಯ ವಾರ ಅದು ಮತ್ತೆ ಮುಂದೆ! ಇಲಿಯದೇ ಕೆಲಸವೆಂದು ತೀರ್ಮಾನಿಸಿ ಇಲಿ ಹಿಡಿಯುವ ಕತ್ತರಿ ಇಟ್ಟೆ. ಅದಕ್ಕೆ ಸಿಕ್ಕಿಬಿದ್ದದ್ದು ನನ್ನದೇ ಕಾಲಿನ ಹೆಬ್ಬೆರಳು. ದಪ್ಪ ತಂತಿ ಮೀಟಿದಾಗಲೆಲ್ಲ ಸ್ಟ್ಯಾಂಡು ನಡುಗಿ ಭರಣಿ ಕೂದಲೆಳೆಯಷ್ಟು ನಡೆಯುತ್ತಿದೆ ಎಂಬ ಸಣ್ಣ ಲೆಕ್ಕ ಈ ಗಣಿತದ ಮೇಷ್ಟ್ರಿಗೆ ಹೊಳೆಯಲೇ ಇಲ್ಲ.

ಮೂರು ತಿಂಗಳಾದ ಮೇಲೆ ಒಂದು ಶುಕ್ರವಾರ ಐದೂ ಸ್ವರಗಳು ಎಲ್ಲೂ ಎಡವದೆ ಹತ್ತಿ ಇಳಿದವು. ಆನಂದದಲ್ಲಿ ವಾಲ್ಯೂಮನ್ನು ಪೂರ್ತಿ ತಿರುಗಿಸಿ ಮತ್ತೊಮ್ಮೆ ಬಾರಿಸಿದೆ. ಭರಣಿ ಅಂಚು ದಾಟಿ, ಆಂಪ್ಲಿಫೈಯರಿನ ಮೂತಿಗೆ ಬಡಿದು, ಒಡೆದು, ಉಪ್ಪುನೀರನ್ನೆಲ್ಲ ಅದಕ್ಕೆ ಕುಡಿಸಿತು. ಚಟ್ ಎಂದು ಮನೆಯ ಫ್ಯೂಸೇ ಹೋಯಿತು.

ಶ್ರೀವಾಣಿ ಬಂದಳು. ನಾನು ಕಣ್ಣುಮುಚ್ಚಿ ಬೈಗುಳಕ್ಕೆ ಕಾದೆ. ಅವಳು ಕುಕ್ಕರಗಾಲಲ್ಲಿ ಕೂತು, ಚೂರುಗಳ ನಡುವಿನಿಂದ ಮಿಡಿಗಳನ್ನು ಹೆಕ್ಕತೊಡಗಿದಳು.

"ಈಗ ಬಾರಿಸಿದ್ದು ಎಂತದು?"

ಅಮೆರಿಕದ ಜಾಝ್ ವಿದ್ಯೆ, ಮೂರು ತಿಂಗಳ ತಪಸ್ಸು, ಸಾಮಾನ್ಯರಿಗೆ ದಕ್ಕುವುದಲ್ಲ ಎಂದು ವಿವರಿಸಿದೆ. ಇನ್ನೊಮ್ಮೆ ಬಾರಿಸಿ ಎಂದಳು. ಕರೆಂಟಿಲ್ಲದ ಬಾಸು ರಬ್ಬರ್ ಬ್ಯಾಂಡಿನಂತೆ ಗೊಣಗಿತು. ಅವಳು ತಲೆಯೆತ್ತದೆ, ಅದರ ಜೊತೆಗೇ ಹಾಡಿದಳು: "ಸ ರಿ ಗ ಪ ದ ಸ." ಆಮೇಲೆ, "ಮೋಹನ ರಾಗ ಅಲ್ವಾ ಮಾರಾಯ್ರೆ. ನಾನು ಎಂಟನೇ ವಯಸ್ಸಲ್ಲೇ ಕಲ್ತದ್ದು" ಎಂದಳು.

ಹೇಳಿ ಸುಮ್ಮನಾಗಲಿಲ್ಲ. ಮಿಡಿ ಹೆಕ್ಕುತ್ತಲೇ ಹಾಡು ಮುಂದುವರಿಯಿತು. ದನಿ ಸ್ವಲ್ಪ ಒಡೆದಿತ್ತು, ಆದರೆ ಅದೇ ದನಿ. ನನ್ನ ಕಣ್ಣು ತುಂಬಿದ್ದನ್ನು ಅವಳು ನೋಡಿಬಿಟ್ಟಳು. ಉಪ್ಪಿನಕಾಯಿಯ ಖಾರ ಕಣ್ಣಿಗೆ ಹಾರಿತೆಂದೆ.

"ಇದು ಬರೀ ಉಪ್ಪಿನ ಮಿಡಿ. ಖಾರ ಇನ್ನೂ ಅರೆದೇ ಇಲ್ಲ."

ಇನ್ನು ಮುಚ್ಚಿಡುವುದೇನು? ಒಂಬತ್ತು ವರ್ಷದಿಂದ ನಿನ್ನ ಹಾಡಿಗೇ ಕಾದಿದ್ದೆ ಎಂದು ಹೇಳಿಯೇಬಿಟ್ಟೆ. ಅವಳು ಮತ್ತೆ ಹಾಡಿದಳು. ನಾನು ಹಿಂದೆ ನಿಂತು ಬಾರಿಸಿದೆ. ಹುರುಪೇರಿ ಕಾಲಲ್ಲಿ ತಾಳ ಕುಟ್ಟತೊಡಗಿದೆ. ಸ್ಟ್ಯಾಂಡಿನ ಮೇಲೆ ಉಳಿದೊಂದು ಭರಣಿ ಗಡಗಡ ಎಂದಿತು.

"ಸ್ವಲ್ಪ ಮೆಲ್ಲಗೆ ಮಾರಾಯ್ರೆ, ಏನೂ ಕೇಳ್ತಿಲ್ಲ" ಎಂದಳು.

ನಾನು ಮೆಲ್ಲಗೆ ಮಾಡಲಿಲ್ಲ, ನಿಲ್ಲಿಸಿಯೇ ಬಿಟ್ಟೆ. ಅವಳು ಹಾಡು ತಡೆದು ನನ್ನತ್ತ ತಿರುಗಿದಳು.

"ಮೆಲ್ಲಗೆ ಅಂದೆ. ನಿಲ್ಸಿ ಅಂದ್ನಾ?"

ಈ ಒಂದು ಮಾತನ್ನು ಒಂಬತ್ತು ವರ್ಷದ ಹಿಂದೆ ನಾನು ಹೇಳಬೇಕಿತ್ತು.