ಹೆಂಡತಿ ಹೆಸರಿನ ಎಫ್‌ಡಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಹಿಂದೆಂದೂ ಬರೆದವನಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು, ಅಂದರೆ ಹೇಳಿದ್ದನ್ನೇ ಮತ್ತೆ ಹೇಳುವ ಅಭ್ಯಾಸದವನು. ದುಡ್ಡು ಉಳಿಸಲು ಹೊರಟಾಗಲೆಲ್ಲ ನನಗೆ ಇಂಥದ್ದೇನಾದರೂ ಆಗುತ್ತಲೇ ಇರುತ್ತದೆ.

೧. ಉಡುಗೊರೆ

ಬೋಗಾದಿಯಲ್ಲಿದ್ದ ನನ್ನ ಸೈಟು ಮಾರಿದೆ. ಲಾಭದ ಮೇಲಿನ ತೆರಿಗೆಯನ್ನೂ ಕಟ್ಟಿದೆ. ಅದರಲ್ಲಿ ನಗುವಂಥದ್ದೇನೂ ಇಲ್ಲ. ಉಳಿದದ್ದನ್ನು ಬ್ಯಾಂಕಿನಲ್ಲಿ ಎಫ್‌ಡಿ ಇಡಬೇಕಿತ್ತು. ಎಫ್‌ಡಿಯ ಬಡ್ಡಿ ಸಂಬಳದ ಜೊತೆ ಸೇರುತ್ತದೆ. ನನ್ನ ಸಂಬಳದ ಜೊತೆ ಸೇರಿದರೆ ನೂರಕ್ಕೆ ಮೂವತ್ತು ಸರ್ಕಾರಕ್ಕೆ. ಸ್ಟಾಫ್‌ರೂಮಿನಲ್ಲಿ ಕನ್ನಡ ಮೇಷ್ಟ್ರು, "ಮನೆಯವರ ಹೆಸರಲ್ಲಿ ಇಡಿ ಸಾರ್, ಅವರಿಗೆ ಸಂಬಳ ಇಲ್ವಲ್ಲ" ಎಂದರು.

ಹೆಂಡತಿಗೆ ಈ ಕಾರಣ ಹೇಳಲಿಲ್ಲ. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ದಿನ ರಸೀದಿ ಕೈಗಿಟ್ಟು, "ನಿನಗೇ" ಎಂದೆ. ಅವಳ ಕಣ್ಣು ತುಂಬಿತು. ರಸೀದಿಯನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಸೀರೆಯ ಖರ್ಚೂ ಉಳಿಯಿತಲ್ಲ ಎಂದು ನನ್ನ ಕಣ್ಣೂ ಸ್ವಲ್ಪ ತುಂಬಿತು.

೨. ರಿಫಂಡು

ಬ್ಯಾಂಕಿನವರು ಬಡ್ಡಿಯಲ್ಲಿ ನೂರಕ್ಕೆ ಹತ್ತು ಮೊದಲೇ ಹಿಡಿದುಕೊಂಡರು. ಇದಕ್ಕೆ ಟಿಡಿಎಸ್ ಎನ್ನುತ್ತಾರೆ. ಅದು ಇಡೀ ತೆರಿಗೆಯಲ್ಲ, ಮುಂಗಡ ಮಾತ್ರ. ಹೆಂಡತಿಯ ಹೆಸರಲ್ಲಿ ನಾನೇ ರಿಟರ್ನ್ ಹಾಕಿದೆ. ಅವಳಿಗೆ ಬೇರೆ ಆದಾಯವಿಲ್ಲದ್ದರಿಂದ ಹಿಡಿದದ್ದೆಲ್ಲ ಅವಳ ಖಾತೆಗೆ ವಾಪಸ್ ಬಂತು. "ನಮ್ಮನೆಯವರು ಕೊಟ್ಟಿದ್ದು ನೋಡಿ ಸರ್ಕಾರದವರೂ ಕೊಟ್ಟಿದ್ದಾರೆ ಕಣೆ" ಎಂದು ತಂಗಿಗೆ ಫೋನಿನಲ್ಲಿ ಹೇಳಿಕೊಂಡಳು. ಆ ದುಡ್ಡಿನಲ್ಲಿ ನನಗೊಂದು ಶರ್ಟು ತಂದಳು. ನಾನೇ ಕಟ್ಟಬೇಕಿದ್ದ ತೆರಿಗೆಯನ್ನು ಮೈಮೇಲೆ ಹಾಕಿಕೊಂಡು ಓಡಾಡುತ್ತಿದ್ದೇನೆಂದು ಆಗ ಗೊತ್ತಿರಲಿಲ್ಲ.

೩. ಎರಡು ದಾರಿ

ಮರುವರ್ಷ ಅದೇ ಶರ್ಟಿನಲ್ಲಿ, ಹೆಂಡತಿಯನ್ನೂ ಕರೆದುಕೊಂಡು, ಯಾದವಗಿರಿಯ ಆಡಿಟರ್ ಹತ್ತಿರ ಹೋದೆ. ಅಸಲು ಯಾರದು ಎಂದು ಕೇಳಿದರು. ನನ್ನದೇ, ತೆರಿಗೆ ಉಳಿಯಲಿ ಎಂದು ಇವಳ ಹೆಸರಲ್ಲಿಟ್ಟೆ ಎಂದು ಪೂರ್ತಿ ವಿವರಿಸಿದೆ. ವಿವರಿಸುವುದು ನನ್ನ ರೋಗ. ಅವಳು ಪಕ್ಕದಲ್ಲೇ ಕೂತಿರುವುದು ನೆನಪಾದದ್ದು ಆಮೇಲೆ.

ಗಂಡ ಹೆಂಡತಿಗೆ ಸುಮ್ಮನೆ ಕೊಟ್ಟ ದುಡ್ಡಿನ ಬಡ್ಡಿ, ತೆರಿಗೆಯ ಮಟ್ಟಿಗೆ ಗಂಡನ ಆದಾಯವೇ ಅಂತೆ. ದುಡ್ಡು ಅವಳದು, ಬಡ್ಡಿ ಅವಳದು, ತೆರಿಗೆ ನನ್ನದು. ಹಿಂದಿನ ವರ್ಷದ್ದೂ ಕಟ್ಟಬೇಕು, ತಡವಾದದ್ದಕ್ಕೆ ಬಡ್ಡಿ ಸೇರಿಸಿ. ಬೇರೆ ದಾರಿಯಿಲ್ಲವೇ ಎಂದೆ.

"ಎರಡಿವೆ ಸಾರ್. ಮದುವೆಗೆ ಮುಂಚೆ ಕೊಡಬೇಕಿತ್ತು. ಇಲ್ಲಾಂದ್ರೆ ಡೈವೋರ್ಸ್ ಆಗಬೇಕು, ಆಮೇಲಿನ ಬಡ್ಡಿ ಮೇಡಮ್ ಲೆಕ್ಕಕ್ಕೇ ಹೋಗುತ್ತೆ."

ಅವರು ನಕ್ಕರು, ನಾನೂ ನಕ್ಕೆ. ಅವಳು ನಗಲಿಲ್ಲ. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಕೇಳಿದಳು: "ಡೈವೋರ್ಸ್ ಆದ್ರೆ ವರ್ಷಕ್ಕೆ ಎಷ್ಟು ಉಳಿಯುತ್ತೆ?"

ತಮಾಷೆ ಎಂದುಕೊಂಡೆ. ಮೂರು ದಿನವಾಯಿತು; ದೇವರ ಮುಂದಿದ್ದ ರಸೀದಿ ಅವಳ ಬೀರು ಸೇರಿದೆ, ಬೀಗದ ಕೈ ಅವಳ ಸೊಂಟ ಸೇರಿದೆ.

ಉಳಿತಾಯದ ಲೆಕ್ಕ ಅಷ್ಟು ಸುಲಭವಲ್ಲ, ವಿವರಿಸುತ್ತೇನೆ. ಅಸಲಿನ ಬಡ್ಡಿಗೆ ಮಾತ್ರ ನಾನು ಹೊಣೆ. ಆ ಬಡ್ಡಿಯನ್ನು ಅವಳು ಮತ್ತೆ ಎಫ್‌ಡಿ ಇಟ್ಟರೆ, ಅದರ ಬಡ್ಡಿಗೆ ಅವಳೇ ಹೊಣೆ. ಆದ್ದರಿಂದ ಮೊದಲು ವಕೀಲರ ಫೀಸು ಕಳೆದು, ಆಮೇಲೆ...

ಒಂದು ನಿಮಿಷ, ಒಳಗಿನಿಂದ ಕರೆಯುತ್ತಿದ್ದಾಳೆ.

"ರೀ, ಆ ಲೆಕ್ಕ ಆಯ್ತಾ?"