ಗಂಜಿ ಕುಡಿದು ದಪ್ಪಗಾದವರು

ಬೇನೆ ಬಿದ್ದವನಿಗೆ ಒಂದು ಸುಖವಿದೆ. ಅವನು ಏನು ಉಣ್ಣಬೇಕೆಂಬುದನ್ನು ಬೇರೆಯವರು ನಿರ್ಧರಿಸುತ್ತಾರೆ, ಅವನು ಬಾಯಿ ತೆರೆದರೆ ಸಾಕು. ಪೂರ್ತಿ ಗುಣವಾದವನಿಗಂತೂ ಚಿಂತೆಯೇ ಇಲ್ಲ, ಸಿಕ್ಕಿದ್ದು ಉಣ್ಣುತ್ತಾನೆ. ಇವೆರಡೂ ಅಲ್ಲದ ನನ್ನಂಥವನ ಪಾಡು ಮಾತ್ರ ಶತ್ರುವಿಗೂ ಬೇಡ. ನನ್ನ ಬೇನೆ ಹೋಗಿಲ್ಲ, ಮಲಗಿದೆ. ಹಾಗೆಂದು ಹೇಳಿದವರು ಸೊಲ್ಲಾಪುರದ ಡಾಕ್ಟರು. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದ ತಾಯಿ ಸದ್ದಾಗದಂತೆ ತುದಿಗಾಲಲ್ಲಿ ಓಡಾಡುತ್ತಾಳಲ್ಲ, ಹಾಗೆ ನಾನು ನನ್ನ ಹೊಟ್ಟೆಯ ಸುತ್ತ ಓಡಾಡುತ್ತ ಬಂದಿದ್ದೇನೆ.

ನಾನು ಇಂಡಿ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮಕ್ಕಳಿಗೆ ಜೀರ್ಣಾಂಗದ ಚಿತ್ರ ಬರೆಸುತ್ತಿದ್ದ ದಿನಗಳಲ್ಲೇ ನನ್ನ ಜೀರ್ಣಾಂಗ ಕೈಕೊಟ್ಟಿತು. ಮೊದಲು ಎಲ್ಲರೂ ಕರುಳಿನ ಕ್ಷಯ ಎಂದರು, ಸೂಜಿ ಚುಚ್ಚಿ ಚುಚ್ಚಿ ನನ್ನನ್ನು ಜರಡಿ ಮಾಡಿದರು. ಕಡೆಗೆ ಸೊಲ್ಲಾಪುರದಲ್ಲಿ ಹೊಟ್ಟೆ ಕೊಯ್ದು ಒಂದು ಗೇಣು ಕರುಳು ತೆಗೆದುಹಾಕಿ, ಇದು ಕ್ಷಯವಲ್ಲ, ಕ್ರೋನ್ ಎಂಬ ಸಾಹೇಬನ ಹೆಸರಿನ ಬೇನೆ ಎಂದು ತೀರ್ಮಾನಿಸಿದರು. ಇದನ್ನು ಅವ್ವನಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಇನ್ನೊಂದು ಗೇಣು ಸವೆಯಿತು. ಅವ್ವನ ವಾದ ಸರಳವಾಗಿತ್ತು. "ಅದು ಆ ಸಾಹೇಬನ ಬ್ಯಾನಿ ಇದ್ದರ ಅಂವನ ಇಟ್ಕೊಳ್ಲಿ. ನಮ್ಮ ಹುಡುಗಗ ಯಾಕ ಹಚ್ಚಿದ?" ಎಂದಳು. ಇದಕ್ಕೆ ವಿಜ್ಞಾನದಲ್ಲಿ ಉತ್ತರವಿಲ್ಲ.

ವರ್ಷವೊಂದು ಗಂಜಿಯಲ್ಲೇ ಕಳೆಯಿತು. ಆಮೇಲೆ ನೋವು ನಿಂತಿತು, ಜ್ವರ ನಿಂತಿತು, ಅಂಗಿ ತುಸು ಮೈಗೆ ಹತ್ತತೊಡಗಿತು. ಡಾಕ್ಟರು ನನ್ನ ಹೊಟ್ಟೆಯನ್ನು ಕಲ್ಲಂಗಡಿ ಹಣ್ಣಿನ ಹಾಗೆ ಬಡಿದು ನೋಡಿ, "ಮಾಸ್ತರ, ಬ್ಯಾನಿ ಮಲಗೇತಿ. ಸತ್ತಿಲ್ಲ. ಇನ್ನ ಒಗ್ಗಿದ್ದು ಉಣ್ರಿ, ಒಗ್ಗದ್ದು ಬಿಡ್ರಿ" ಎಂದರು. ಒಗ್ಗುವುದು ಯಾವುದು ಎಂದು ಕೇಳಿದೆ. ತಿಂದು ನೋಡಬೇಕು ಎಂದರು. ತಿಂದ ಮೇಲೆ ಒಗ್ಗದಿದ್ದರೆ? ಅದನ್ನು ಬಿಡಬೇಕು ಎಂದರು. ಇಷ್ಟು ಜ್ಞಾನಕ್ಕಾಗಿ ನಾನು ಟಾಂಗಾದಲ್ಲಿ ಸ್ಟೇಶನ್ನಿಗೆ ಹೋಗಿ, ರೈಲು ಹತ್ತಿ ಇನ್ನೊಂದು ರಾಜ್ಯಕ್ಕೆ ಬಂದಿದ್ದೆ.

ಡಾಕ್ಟರು ಬಿಟ್ಟುಕೊಟ್ಟ ಅಧಿಕಾರವನ್ನು ನಮ್ಮ ಬಂಧುಗಳು ತಕ್ಷಣ ಎತ್ತಿಕೊಂಡರು. ಮುದ್ದೇಬಿಹಾಳದಿಂದ ಬಂದ ನನ್ನ ಮಾವನವರು, ಮಜ್ಜಿಗೆಯೊಂದನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟಕೂಡದು ಎಂದು ಅಪ್ಪಣೆ ಮಾಡಿದರು. ಬಸವನ ಬಾಗೇವಾಡಿಯ ನನ್ನಕ್ಕ, ಮಜ್ಜಿಗೆ ಕುಡಿದೇ ಹೀಗಾಯಿತು, ಇನ್ನು ಮೇಲೆ ತುಪ್ಪ ಬಿಟ್ಟರೆ ಬೇರೆ ಗತಿಯಿಲ್ಲ ಎಂದಳು. ಸಿಂದಗಿಯ ವೈದ್ಯರೊಬ್ಬರು ನಾಡಿ ಹಿಡಿದು, ತುಪ್ಪ ಮುಟ್ಟಿದರೆ ತಮ್ಮ ಜವಾಬ್ದಾರಿಯಿಲ್ಲ ಎಂದು ಎಚ್ಚರಿಸಿದರು. ಎಲ್ಲರೂ ಬೇಡವೆಂದದ್ದನ್ನೆಲ್ಲ ತೆಗೆದುಹಾಕಿದರೆ ಉಳಿಯುವುದು ನೀರು. ಅದನ್ನೂ ಸಿಂದಗಿಯವರು ಕಾಯಿಸಿಯೇ ಕುಡಿಯಬೇಕೆಂದಿದ್ದರು.

ನಾನು ಇವರನ್ನೆಲ್ಲ ಬದಿಗಿಟ್ಟು ವಿಜ್ಞಾನವನ್ನು ಹಿಡಿದೆ. ಒಂದು ವಾರಕ್ಕೆ ಒಂದೇ ಹೊಸ ಪದಾರ್ಥ, ಅದನ್ನು ತಿಂದು ಸುಮ್ಮನೆ ಕಾಯುವುದು. ಮೊದಲ ಮರ್ಯಾದೆ ನಿಂಬೆಹಣ್ಣಿಗೆ ಸಂದಿತು. ನಿಂಬೆಗೇ ಹೆಸರಾದ ಇಂಡಿಯಲ್ಲಿ ಇದ್ದುಕೊಂಡು ನಿಂಬೆಹಣ್ಣು ಬಿಡುವುದೆಂದರೆ ಹೊಳೆಯ ದಂಡೆಯಲ್ಲಿ ಕೂತು ಕೈ ತೊಳೆಯದೆ ಏಳುವ ಹಾಗೆ. ನಿಂಬೆ ಒಗ್ಗಿತು. ಬೇಳೆಯ ಕಟ್ಟು ಒಗ್ಗಿತು. ಬದನೆಕಾಯಿ ತನ್ನ ವಾರದಲ್ಲಿ ಸಭ್ಯತನದಿಂದ ಇತ್ತು; ಮುಂದಿನ ವಾರ ಹೀರೇಕಾಯಿಯ ಸರದಿ ಬಂದಾಗ ಹೊಟ್ಟೆ ಕಿವಿಚಿತು. ಈಗ ಅಪರಾಧಿ ಯಾರು? ಹೀರೆಯೋ, ತಡವಾಗಿ ಎಚ್ಚೆತ್ತ ಬದನೆಯೋ? ಶಾಲೆಗೆ ಇನ್ಸ್‌ಪೆಕ್ಟರರು ಬಂದ ದಿನ ಬರೀ ಗಂಜಿ ಕುಡಿದಿದ್ದರೂ ಹೊಟ್ಟೆ ನೋಯಿತು. ಇನ್ಸ್‌ಪೆಕ್ಟರರನ್ನು ನಾನೇನೂ ತಿಂದಿರಲಿಲ್ಲ. ಹಾಗಾದರೆ ಈ ಕರುಳು ಬಾಯಿಯಿಂದ ಬಂದದ್ದನ್ನು ಮಾತ್ರವಲ್ಲ, ಕಣ್ಣಿನಿಂದ ಬಂದದ್ದನ್ನೂ ಪರೀಕ್ಷಿಸುತ್ತದೆಯೇ? ನಲವತ್ತು ದಾಟಿದ ಮೇಲೆ ನನ್ನ ಒಳಗೇ ನನಗೆ ಗೊತ್ತಿಲ್ಲದ ಒಬ್ಬ ಅಧಿಕಾರಿ ಕೂತಿದ್ದಾನೆ ಎಂದು ತಿಳಿದು ನನಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚಾಯಿತು.

ಇಷ್ಟೆಲ್ಲ ಧೈರ್ಯ ಮಾಡಿದವನು ಒಂದನ್ನು ಮಾತ್ರ ಮುಂದೂಡುತ್ತಲೇ ಬಂದೆ: ಜೋಳದ ರೊಟ್ಟಿ. ನಮ್ಮ ಕಡೆ ಅನ್ನ ಬೇಯುವುದು ಹಬ್ಬಕ್ಕೆ, ಇಲ್ಲವೆ ಬೇನೆಗೆ. ದಿನವೂ ಅನ್ನ ಉಣ್ಣುವವನನ್ನು ಕಂಡರೆ ಜನ ದನಿ ತಗ್ಗಿಸಿ ಮಾತಾಡುತ್ತಾರೆ. ರೊಟ್ಟಿ ತಿಂದು, ಅದು ಒಗ್ಗಲಿಲ್ಲ ಎಂದು ಒಮ್ಮೆ ಗೊತ್ತಾಗಿಬಿಟ್ಟರೆ ನಾನು ಜನ್ಮವಿಡೀ ರೋಗಿಯೇ. ತಿನ್ನದೆ ಇರುವತನಕ ಆಸೆಯಾದರೂ ಇರುತ್ತದೆ. ಅದಕ್ಕೇ ಪ್ರತಿ ವಾರ ರೊಟ್ಟಿಯ ಸರದಿ ಬಂದಾಗ ನಾನು ಕುಂಬಳಕಾಯಿಯನ್ನೋ ಸೋರೆಕಾಯಿಯನ್ನೋ ಮುಂದಕ್ಕೆ ತಳ್ಳುತ್ತಿದ್ದೆ.

ರೊಟ್ಟಿಗೆ ಇನ್ನೊಂದು ಭಾರವೂ ಇತ್ತು. ನಾನು ಆಸ್ಪತ್ರೆಯಿಂದ ಮರಳಿದ ದಿನ ನನ್ನ ಹೆಂಡತಿ ಗಂಗಾ ಹಂಚನ್ನು ಒಲೆಯಿಂದ ಇಳಿಸಿ, "ನೀವು ರೊಟ್ಟಿ ಉಣ್ಣೂತನಕ ಈ ಮನಿಯಾಗ ರೊಟ್ಟಿ ಬಡಿಯೂದಿಲ್ಲ" ಎಂದಿದ್ದಳು. ಅಂದಿನಿಂದ ಅವಳು, ಅವ್ವ, ನಮ್ಮ ಮಗಳು, ಮೂವರೂ ನನ್ನ ಜೊತೆ ಕೂತು ಒಂದೊಂದು ಬಟ್ಟಲು ಗಂಜಿ ಕುಡಿದು ಏಳುತ್ತಿದ್ದರು. ಜೋಳ ಉಂಡು ಬೆಳೆದ ಹೆಣ್ಣುಮಕ್ಕಳು! ಈ ತ್ಯಾಗವನ್ನು ನಾನು ಶಾಲೆಯಲ್ಲಿ ಒಂದಕ್ಕೆ ಎರಡು ಸೇರಿಸಿ ಹೇಳಿದೆ. ಡ್ರಾಯಿಂಗ್ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ನಗು ಬಂದಿತ್ತೆಂದು ಆಗ ನನಗೆ ತಿಳಿಯಲಿಲ್ಲ.

ಕ್ರಮೇಣ ಒಂದು ವಿಚಿತ್ರ ನನ್ನ ಗಮನಕ್ಕೆ ಬಂತು. ಅದೇ ಗಂಜಿ ಕುಡಿದು ನಾನು ಕಡ್ಡಿಯಾಗಿದ್ದೆ. ಅವರು ಮೂವರೂ ದಪ್ಪಗಾಗುತ್ತಿದ್ದರು. ಗಂಗಾಳ ಬಳೆಗಳು ಮೊಣಕೈ ಕಡೆಗೆ ಸರಿಯುವುದನ್ನು ನಿಲ್ಲಿಸಿದ್ದವು. ಮಗಳ ಲಂಗದ ಹೊಲಿಗೆ ಬಿಚ್ಚಬೇಕಾಯಿತು. ಅವ್ವನಂತೂ ಎಪ್ಪತ್ತರ ಹತ್ತಿರ ಬಂದವಳು, ತುಂಬಿದ ಕೊಡ ಎತ್ತಿ ಸೊಂಟಕ್ಕಿಡುತ್ತಿದ್ದಳು. ನಾನು ಯೋಚಿಸಿದೆ. ಗಂಜಿಯಲ್ಲಿ ನಾವು ಪುಸ್ತಕದಲ್ಲಿ ಕಲಿಸದ ಯಾವುದೋ ಸತ್ವವಿರಬೇಕು, ಅದನ್ನು ಹೀರಿಕೊಳ್ಳುವ ಗೇಣನ್ನೇ ಡಾಕ್ಟರು ನನ್ನಿಂದ ಕೊಯ್ದು ತೆಗೆದಿರಬೇಕು. ನನ್ನ ಬಟ್ಟಲಿನ ಗಂಜಿ ತೆಳುವೋ ಎಂದು ಕೆಲವು ದಿನ ಮಗಳ ಬಟ್ಟಲನ್ನು ಅದಲುಬದಲು ಮಾಡಿ ಕುಡಿದೆ. ಆಗಲೂ ಅವಳೇ ಗುಂಡಗಾದಳು.

ಇದೇ ಕಾಲಕ್ಕೆ ಇನ್ನೊಂದು ಸಂಗತಿಯನ್ನೂ ಗಮನಿಸಿದ್ದೆ, ಆದರೆ ಎರಡಕ್ಕೂ ನಂಟು ಕಟ್ಟಲಿಲ್ಲ. ನಮ್ಮ ಹಿತ್ತಲ ಗೋಡೆಯಾಚೆ ಖತೀಜವ್ವನ ಮನೆ. ಗಂಡ ಹುಸೇನಸಾಬ ಸ್ಟೇಶನ್ನಿಗೆ ಟಾಂಗಾ ಹೊಡೆಯುತ್ತಾನೆ, ಮಕ್ಕಳಿಲ್ಲ, ಇಬ್ಬರೇ. ಆ ಇಬ್ಬರಿಗಾಗಿ ಬೆಳಗ್ಗೆ ನಾನು ಗಡ್ಡ ಹೆರೆಯಲು ಕೂತಾಗ ಶುರುವಾದ ರೊಟ್ಟಿ ಬಡಿಯುವ ಸದ್ದು, ನಾನು ಕೊಡೆ ಹಿಡಿದು ಶಾಲೆಗೆ ಹೊರಟರೂ ನಿಲ್ಲುತ್ತಿರಲಿಲ್ಲ. ಟಾಂಗಾ ಹೊಡೆಯುವವರಿಗೆ ಹಸಿವು ಜಾಸ್ತಿ ಎಂದುಕೊಂಡೆ. ಕುದುರೆಗೂ ಒಂದೆರಡು ಹಾಕುತ್ತಿರಬಹುದು ಎಂದೂ ಅನಿಸಿತು. ಗಂಗಾ, ಖತೀಜವ್ವನಿಗೆ ಒಂದಿಷ್ಟು ಕೈ ಹಚ್ಚಿ ಬರುತ್ತೇನೆಂದು ದಿನವೂ ಆಚೆ ಹೋಗುವಳು. ಅವ್ವ, ಪಾಪ ಒಬ್ಬಳೇ ಇರುತ್ತಾಳೆಂದು ಮಾತಾಡಿಸಲು ಹೋಗುವಳು. ಅಜ್ಜಿಯನ್ನು ಕರೆಯಲು ಮಗಳು ಹೋಗುವಳು. ನೆರೆಹೊರೆ ಎಂದರೆ ಹೀಗಿರಬೇಕು ಎಂದು ನಾನು ಮೆಚ್ಚಿಕೊಂಡು ಗಂಜಿ ಕುಡಿಯುವೆ.

ಮುಂದಿನ ಸಲ ಸೊಲ್ಲಾಪುರಕ್ಕೆ ಹೋದಾಗ ನನ್ನ ಈ ಸಂಶೋಧನೆಯನ್ನು ಡಾಕ್ಟರ ಮುಂದೆ ವಿವರವಾಗಿ ಇಟ್ಟೆ. ಗಂಜಿಯ ಸತ್ವ, ಕಾಣೆಯಾದ ಗೇಣು, ಬಟ್ಟಲುಗಳ ಅದಲುಬದಲು, ಒಂದನ್ನೂ ಬಿಡಲಿಲ್ಲ. ಅವರು ಗಂಭೀರವಾಗಿ ಕೇಳಿದರು. ಆಮೇಲೆ ಬಾಗಿಲು ಮುಂದೆ ಮಾಡಿ ಬಂದು, "ಮಾಸ್ತರ, ನಿಮ್ಮ ಹೊಟ್ಟಿ ಚಲೋ ಐತಿ. ಇನ್ನ ನಿಮ್ಮ ಮನಿ ಮಂದಿ ಎಲ್ಲಿ ಉಣ್ಣತಾರ ಅನ್ನೂದು ಒಂದ ನೋಡ್ರಿ" ಎಂದು ಮೇಜು ಹಿಡಿದುಕೊಂಡು ನಗತೊಡಗಿದರು. ನನಗೆ ಮೈ ಉರಿಯಿತು. ಸಂಜೆಯ ಗಾಡಿಗೆ ಬರುತ್ತೇನೆಂದು ಮನೆಯಲ್ಲಿ ಹೇಳಿದ್ದವನು, ಉಳಿದ ಪರೀಕ್ಷೆಗಳಿಗೆ ನಿಲ್ಲದೆ, ಸಿಕ್ಕ ಮೊದಲ ಗಾಡಿ ಹತ್ತಿ ಮಧ್ಯಾಹ್ನವೇ ಬಂದು ಇಳಿದೆ.

ಸ್ಟೇಶನ್ನಿನಲ್ಲಿ ನನ್ನನ್ನು ಕಂಡು ಹುಸೇನಸಾಬನ ಮುಖ ಇಳಿಯಿತು. ಚಹಾ ಕುಡಿದು ಹೋಗೋಣ ಎಂದ. ದಾರಿಯಲ್ಲಿ ಕುದುರೆಗೆ ನೀರು ಕುಡಿಸಬೇಕೆಂದ, ಕುದುರೆ ಕುಡಿಯಲಿಲ್ಲ. ಲಾಳ ಸಡಿಲಾಗಿದೆ ಎಂದು ಇಳಿದು ನಾಲ್ಕೂ ಕಾಲನ್ನು ಎತ್ತಿ ಎತ್ತಿ ನೋಡಿದ. ನಮ್ಮ ಓಣಿ ಬಂದಾಗ ಎಂದೂ ಇಲ್ಲದ ಗಟ್ಟಿ ದನಿಯಲ್ಲಿ, "ಮಾಸ್ತರ ಬಂದ್ರು" ಎಂದು ಕುದುರೆಗೆ ಹೇಳಿದ. ಮನೆಯ ಬಾಗಿಲಿಗೆ ಚಿಲಕ. ಗೋಡೆಯಾಚೆಯಿಂದ ರೊಟ್ಟಿಯ ಸದ್ದು ಜೋರಾಗಿ ಕೇಳುತ್ತಿತ್ತು. ನಾನು ಚೀಲ ಕಟ್ಟೆಯ ಮೇಲಿಟ್ಟು, ಸುತ್ತಿ ಬಳಸಿ ಖತೀಜವ್ವನ ಹಿತ್ತಲಿಗೆ ಹೋಗಿ ನಿಂತೆ.

ಒಲೆಯ ಮುಂದೆ ಗಂಗಾ. ಹಿಟ್ಟು ನಾದುವ ಕೊಣಮಿಗೆಯ ಎದುರು ಕೂತು ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಅವ್ವ ರೊಟ್ಟಿ ಮುರಿದು ಶೇಂಗಾ ಚಟ್ನಿಗೆ ಒತ್ತುತ್ತಿದ್ದಳು. ಮಗಳ ಕೆನ್ನೆ ಉಬ್ಬಿತ್ತು. ಖತೀಜವ್ವ ತನ್ನ ಸ್ವಂತ ಒಲೆಯಿಂದ ದೂರ ಸರಿದು, ಅತಿಥಿಯ ಹಾಗೆ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ ಗಂಗಾಳ ಕೈ ನಿಂತಿತು. ಸದ್ದು ನಿಂತದ್ದೇ ತಡ ಓಣಿಯೆಲ್ಲ ಬಿಕೋ ಎಂದಿತು. ಮೊದಲು ಮಾತಾಡಿದವಳು ಅವ್ವ.

"ಹಿಂಗ ಯಾಕ ನೋಡ್ತಿ? ಹಿಟ್ಟು ನಮ್ದು, ಹಂಚು ನಮ್ದು, ನೀರು ನಮ್ಮ ಬಾವೀದು. ಬೆಂಕಿ ಒಂದು ಖತೀಜಾಂದು. ಬೆಂಕಿಗೆ ಎಲ್ಲಿ ಮೈಲಿಗಿ ಐತಿ?"

ನಾನು ಕೇಳಬೇಕೆಂದಿದ್ದದ್ದು ಅದಲ್ಲ ಎಂದೆ. ಅದಕ್ಕೂ ಅವ್ವನ ಬಳಿ ಉತ್ತರ ಸಿದ್ಧವಿತ್ತು. ಸೊಸೆ ಹೇಳಿದ್ದು ಈ ಮನೆಯಲ್ಲಿ ಬಡಿಯುವುದಿಲ್ಲ ಎಂದು, ಇದು ಆ ಮನೆ. ಮಾತು ಎಲ್ಲಿ ತಪ್ಪಿದಳು ಎಂದು ನನ್ನನ್ನೇ ದಬಾಯಿಸಿದಳು. ವಕೀಲರು ಕೂಡ ಎದ್ದು ಹೋಗಬೇಕು, ಅಂಥ ವಾದ. ಗಂಗಾ ಮಾತ್ರ ತಲೆ ಎತ್ತಲಿಲ್ಲ. ಅಂಗೈಯ ಹಿಟ್ಟು ಉಜ್ಜುತ್ತ, "ನಿಮ್ಮ ಮುಂದ ಕುಂತು ತಿನ್ನಾಕ ಗಂಟಲದಾಗ ಇಳೀವಲ್ದಾಗಿತ್ರಿ. ಅತ್ತಿಯವ್ರು ಗಂಜಿ ಕುಡದು ಏಳಾಕ ಆಗದಂಗ ಆಗಿದ್ರು. ನಾ ಏನ ಮಾಡ್ಲಿ?" ಎಂದಳು.

ಬೈಯಬೇಕೆಂದು ಸ್ಟೇಶನ್ನಿನಿಂದ ಹೊಂದಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲಿ ಹೋದವೋ. ಅವಳ ಮೇಲೆ ಎಷ್ಟು ಅಕ್ಕರೆ ಉಕ್ಕಿತೆಂದರೆ ನನಗೇ ನಾಚಿಕೆಯಾಯಿತು. ಅಲ್ಲೇ ನೆಲದ ಮೇಲೆ ಕೂತು, ನನಗೂ ಒಂದು ಕೊಡು ಎಂದೆ. ಅವ್ವನ ಕೈಯಲ್ಲಿದ್ದ ತುಂಡು ಹಾಗೇ ನಿಂತಿತು. ಗಂಗಾ ಹಂಚಿನ ಮೇಲಿನ ರೊಟ್ಟಿಯನ್ನು ಇಳಿಸಿ, ಗಟ್ಟಿ ಅಂಚನ್ನೆಲ್ಲ ಸುತ್ತ ಮುರಿದು ತೆಗೆದು, ನಡುವಿನ ಮೆತ್ತನೆಯ ಭಾಗಕ್ಕೆ ಬೆಣ್ಣೆ ಹಚ್ಚಿ ಕೊಟ್ಟಳು. ಖಾರ ಸೋಕಿಸಲಿಲ್ಲ. ಒಂದೊಂದು ತುತ್ತನ್ನೂ ನೀರಾಗುವತನಕ ಅಗಿದೆ. ಆ ರುಚಿಯನ್ನು ಹೇಗೆ ಬರೆಯುವುದೋ ನನಗೆ ಗೊತ್ತಿಲ್ಲ. ಹಿಟ್ಟು ಸುಟ್ಟ ವಾಸನೆ ಮೂಗಿಗೆ ಏರಿ ಕಣ್ಣಲ್ಲಿ ನೀರು ಬಂತು. ಹೊಗೆ ಬಹಳ ಎಂದೆ.

ಆ ದಿನ, ಮರುದಿನ, ಅದರ ಮರುದಿನ, ಮನೆಯವರೆಲ್ಲ ನನ್ನ ಮುಖ ನೋಡುವುದು ಬಿಟ್ಟು ಹೊಟ್ಟೆಯನ್ನೇ ನೋಡುತ್ತಿದ್ದರು. ನಾನು ಕೆಮ್ಮಿದರೂ ಗಂಗಾ ಅಡುಗೆಮನೆಯಿಂದ ಓಡಿಬರುವಳು. ಹೊಟ್ಟೆ ಸುಮ್ಮನಿತ್ತು. ವಾರ ಕಳೆದ ಮೇಲೆ ಅವಳು ಹಂಚನ್ನು ಗೋಡೆಯ ಮೇಲಿಂದ ಈಚೆಗೆ ತಂದು, ತೊಳೆದು, ಕುಂಕುಮ ಹಚ್ಚಿ ಒಲೆಗಿಟ್ಟಳು. ನಮ್ಮ ಮನೆಯಲ್ಲಿ ಮತ್ತೆ ರೊಟ್ಟಿ ಬಡಿಯುವ ಸದ್ದು ಎದ್ದಿತು. ಬಡಿಯುತ್ತ ಬಡಿಯುತ್ತ ಅವಳು ಹಾಡಿಕೊಳ್ಳುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳಿಗೆ ಹಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಇಲ್ಲಿಗೆ ಮುಗಿಸಿದ್ದರೆ ಚೆನ್ನಾಗಿತ್ತು. ಆದರೆ ಮಲಗಿದ ಬೇನೆ ಆಗೊಮ್ಮೆ ಈಗೊಮ್ಮೆ ಮಗ್ಗುಲು ಬದಲಿಸುತ್ತದೆ. ಅಂಥ ದಿನ ರೊಟ್ಟಿ ನೋಡಿದರೆ ಹೊಟ್ಟೆ ಬೇಡವೆನ್ನುತ್ತದೆ, ಗಂಜಿ ಬೇಕೆನ್ನುತ್ತದೆ. ಗಂಗಾಳಿಗೆ ಹೇಳೋಣವೆಂದರೆ, ಅವಳು ಎಲ್ಲಿ ಮತ್ತೆ ಹಂಚು ಇಳಿಸಿಬಿಡುತ್ತಾಳೋ, ಹಾಡು ಎಲ್ಲಿ ನಿಂತುಬಿಡುತ್ತದೋ ಎಂದು ನಾಲಿಗೆ ಏಳುವುದಿಲ್ಲ. ಅದಕ್ಕೆ ಶಾಲೆಯಲ್ಲಿ ಚಹಾ ಹೆಚ್ಚಾಯಿತು, ಹಸಿವಿಲ್ಲ ಎಂದು ಸುಳ್ಳು ಹೇಳಿ, ಹುಸೇನಸಾಬನನ್ನು ಮಾತಾಡಿಸಿ ಬರುತ್ತೇನೆಂದು ಗೋಡೆಯಾಚೆ ಹೋಗುತ್ತೇನೆ. ಖತೀಜವ್ವ ಏನೂ ಕೇಳದೆ ಒಂದು ಅಲ್ಯುಮಿನಿಯಂ ಬಟ್ಟಲಲ್ಲಿ ಗಂಜಿ ಕೊಡುತ್ತಾಳೆ. ಯಾರಿಗೂ ಹೇಳಬಾರದು ಎಂದು ಮೊದಲ ದಿನವೇ ಅವಳಿಂದ ಮಾತು ತೆಗೆದುಕೊಂಡಿದ್ದೇನೆ.

ಮೊನ್ನೆ ಹಾಗೆ ಹೋದಾಗ ಬಟ್ಟಲು ಹಿಡಿದ ಹೆಬ್ಬೆರಳಿಗೆ ಏನೋ ತರಿತರಿ ತಾಗಿತು. ಅಲ್ಯುಮಿನಿಯಂ ಅಲ್ಲ, ಹಿತ್ತಾಳೆ. ತಿರುಗಿಸಿ ನೋಡಿದೆ. ಅಂಚಿನಲ್ಲಿ ಚುಕ್ಕೆಚುಕ್ಕೆಯಾಗಿ ಅಕ್ಷರ ಕೊರೆದಿತ್ತು: ನನ್ನ ಮಾವನವರ ಹೆಸರು, ಕೆಳಗೆ ಮುದ್ದೇಬಿಹಾಳ. ನಮ್ಮ ಮದುವೆಯಲ್ಲಿ ಬಳುವಳಿಯಾಗಿ ಬಂದ ಬಟ್ಟಲು. ಗಂಜಿಯಲ್ಲಿ ಜೀರಿಗೆ, ಮೇಲೆ ಒಣಶುಂಠಿ, ಗಂಗಾ ಮಾಡುವ ಹಾಗೆಯೇ. ಇಷ್ಟು ದಿನವೂ ಅದೇ ಇತ್ತು, ನಾನು ಖತೀಜವ್ವನ ಕೈಗುಣ ಎಂದುಕೊಂಡಿದ್ದೆ. ಅವಳ ಮುಖ ನೋಡಿದೆ. "ಕುಡೀರಿ ಮಾಸ್ತರ, ಆರತೈತಿ" ಎಂದು ಅವಳು ಒಲೆಯ ಕಡೆ ತಿರುಗಿದಳು.

ಕುಡಿದು ಮನೆಗೆ ಬಂದೆ. ಗಂಗಾ ರೊಟ್ಟಿ ಬಡಿಯುತ್ತ, ಹಾಡು ನಿಲ್ಲಿಸಿ, ಹೊಟ್ಟೆ ಹೇಗಿದೆ ಎಂದು ಕೇಳಿದಳು. ಚೆನ್ನಾಗಿದೆ, ಹಸಿವೊಂದೇ ಇಲ್ಲ ಎಂದೆ. ಅವಳು ಏನೂ ಅರಿಯದ ಮುಖ ಮಾಡಿದಳು. ನಾನೂ ಅದೇ ಮುಖ ಮಾಡಿದೆ. ಮುಂದಿನ ಸಲ ಡಾಕ್ಟರಿಗೆ ಹೇಳಲು ನನ್ನ ಬಳಿ ಈಗ ಖಚಿತವಾದ ಫಲಿತಾಂಶವಿದೆ. ರೊಟ್ಟಿ ಒಗ್ಗುತ್ತದೆ, ಗಂಜಿಯೂ ಒಗ್ಗುತ್ತದೆ. ನಮ್ಮ ಮನೆಯವರಿಗೆ ಒಗ್ಗದ್ದು ಯಾವುದೂ ಇಲ್ಲ, ಗೋಡೆಯಾಚೆ ಕೂತು ಕದ್ದು ಉಣ್ಣಬೇಕು ಅಷ್ಟೆ.