ಸ್ಟೇಜಿನ ಮೇಲೆ ಬೀಡಿ ಕಟ್ಟಿದ ಮೊಮ್ಮಗಳು

ನಮ್ಮ ದೀಪ್ತಿಗೆ ಫಸ್ಟ್ ಪ್ರೈಜ್ ಬಂದಿದೆ! ಮಸ್ಕತ್ತಿನ ಇಂಡಿಯನ್ ಶಾಲೆಗಳ ಮಕ್ಕಳೆಲ್ಲ ಸೇರಿದ್ದ ಇಂಗ್ಲಿಷ್ ಚರ್ಚಾಸ್ಪರ್ಧೆಯಲ್ಲಿ ನನ್ನ ಮೊಮ್ಮಗಳು ಎಲ್ಲರಿಗಿಂತ ಮೊದಲು. ಟ್ರೋಫಿ ಈಗ ಟಿವಿಯ ಮೇಲೆ ಕೂತಿದೆ. ಧೂಳು ಇಲ್ಲದಿದ್ದರೂ ಬೆಳಗ್ಗಿನಿಂದ ಮೂರು ಸಲ ಸೆರಗಿನಲ್ಲಿ ಒರೆಸಿದ್ದೇನೆ. ಕೆಳಗಿನ ಅಂಗಡಿಯ ಮಲಯಾಳಿಗೆ ಹೇಳಿದೆ, ಇಸ್ತ್ರಿ ಮಾಡುವ ಬಂಗಾಳಿಗೆ ಹೇಳಿದೆ. ಊರಿನಲ್ಲಿರುವ ತಂಗಿಗೆ ಹೇಳಹೊರಟರೆ, ನಾನು ಪೀಠಿಕೆ ಮುಗಿಸಿ ವಿಷಯಕ್ಕೆ ಬರುವಷ್ಟರಲ್ಲಿ ಫೋನ್ ಕಾರ್ಡೇ ಮುಗಿದುಹೋಯಿತು. ಪಾಪ, ಅವಳು ಅಲ್ಲಿ ಯಾರಿಗೆ ಏನಾಯಿತೋ ಎಂದು ಹೆದರಿ ಕೂತಿರಬೇಕು. ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ನನಗೆ ಎಂದೂ ಬಂದದ್ದಿಲ್ಲ. ಅದಕ್ಕೇ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅಕ್ಷರ ಕೂಡಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಚರ್ಚೆಯ ವಿಷಯ ಏನೆಂದರೆ, ಅಮೆರಿಕದಲ್ಲಿ ಕಪ್ಪು ಜನಾಂಗದ ಒಬ್ಬ ಸಿನಿಮಾ ಮಾಡುವವನು ಇದ್ದಾನಂತೆ. ಏನೂ ಇಲ್ಲದಲ್ಲಿಂದ ಮೇಲೆ ಬಂದವನು, ಈಗ ಬಹಳ ದೊಡ್ಡ ಹೆಸರು. ಅವನ ಸಿನಿಮಾದಲ್ಲಿ ಬರುವುದೆಲ್ಲ ಅವನ ಜನರೇ: ಅವರ ಅತ್ತೆಯರು, ಅವರ ಮದುವೆ, ಅವರ ಅಡುಗೆಮನೆ, ಅವರ ಜಗಳ. ಅವನ ಜನ ಟಾಕೀಸು ತುಂಬಿಸಿ, ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆದರೆ ಅದೇ ಜನಾಂಗದ ಕೆಲವು ಓದಿದವರಿಗೆ ಅವನ ಮೇಲೆ ಸಿಟ್ಟು. ‘ನಮ್ಮವರನ್ನು ಬಾಯಿಬಡುಕರು, ಜಗಳಗಂಟರು ಎಂದು ತೋರಿಸುತ್ತಾನೆ. ಇಷ್ಟು ವರ್ಷ ಬಿಳಿಯರು ನಮ್ಮನ್ನು ಕೋಡಂಗಿ ಮಾಡಿದ್ದು ಸಾಲದೆ ಈಗ ನಮ್ಮವನೇ ಶುರು ಮಾಡಿದ್ದಾನೆ’ ಎಂದು ಅವರ ದೂರು. ಅವನು ಮಾಡುವುದು ಸರಿಯೋ ತಪ್ಪೋ, ಅದೇ ವಾದ. ಚೀಟಿ ಎತ್ತಿದಾಗ ದೀಪ್ತಿಗೆ ಅವನ ಪರವಾಗಿ ಮಾತಾಡುವ ಸರದಿ ಬಂತು. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದಳು.

“ಅಜ್ಜಿ, ನನಗೆ ಸೋಲುವ ಸೈಡ್ ಸಿಕ್ಕಿದ್ದು,” ಎಂದಳು.

ಮಗ ಸದಾನಂದ ಸೋಫಾದಿಂದಲೇ ತೀರ್ಪು ಕೊಟ್ಟುಬಿಟ್ಟ. “ಸೋಲ್ಲೇಬೇಕು. ಟೀಕೆ ಮಾಡುವವರು ಹೇಳುದು ಸರಿಯೇ ಉಂಟಲ್ಲ? ಮನೆ ಒಳಗಿನದ್ದನ್ನು ನಾಲ್ಕು ಜನರ ಎದುರು ಹರಡುದು ಎಂತ ಮರ್ಯಾದೆ?”

ಅವನು ಹಾಗೆ ಹೇಳಿದ್ದಕ್ಕೆ ಕಾರಣ ನನಗೆ ಗೊತ್ತಿತ್ತು. ಆ ಕಾರಣ ನಾನೇ. ಎರಡು ವರ್ಷದ ಹಿಂದೆ ನಾನು ಇಲ್ಲಿಗೆ ಬಂದು ಇಳಿದ ದಿನ, ವಿಮಾನ ನಿಲ್ದಾಣದಿಂದ ಅಲ್ ಅಜೈಬಾದ ಈ ಫ್ಲ್ಯಾಟಿಗೆ ಬರುವ ದಾರಿಯಲ್ಲಿ, ಕಾರು ಓಡಿಸುತ್ತಲೇ ಮೆಲ್ಲಗೆ ಹೇಳಿದ್ದ: “ಅಮ್ಮ, ಇಲ್ಲಿ ನಮ್ಮ ಆಫೀಸಿನವರು, ಕನ್ನಡ ಸಂಘದವರು ಎಲ್ಲ ಸಿಗ್ತಾರೆ. ಊರಲ್ಲಿ ಎಂತ ಮಾಡ್ತಿದ್ದದ್ದು ಅಂತ ಕೇಳಿದ್ರೆ ಹೌಸ್‌ವೈಫ್ ಅಂತ ಹೇಳು. ಬೀಡಿ ವಿಷಯ ಬೇಡ.” ಬೀಡಿ ಕಟ್ಟಿಯೇ ಅವನನ್ನು ಓದಿಸಿದ್ದು. ಆದರೆ ನನಗೆ ಬೇಸರವಾಗಲಿಲ್ಲ; ಹೊಸದೊಂದು ಇಂಗ್ಲಿಷ್ ಮಾತು ಸಿಕ್ಕಿತೆಂದು ಖುಷಿಯೇ ಆಯಿತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಮುಂದಿನ ವಾರ ಸಂಘದ ಊಟಕ್ಕೆ ಹೋದಾಗ ಒಬ್ಬರು ಹಿರಿಯರು, “ಪ್ರಯಾಣ ಹೇಗಾಯ್ತು, ಅಮ್ಮ?” ಎಂದು ಕೇಳಿದರು. “ಹೌಸ್‌ವೈಫ್” ಎಂದೆ. ಸದಾನಂದ ಅಂದಿನಿಂದ ನನ್ನನ್ನು ಸಂಘದ ಊಟದಲ್ಲಿ ಸ್ವಲ್ಪ ಮೂಲೆಗೇ ಕೂರಿಸುತ್ತಾನೆ.

ಇರಲಿ. ದೀಪ್ತಿ ಗೆಳತಿಯ ಮನೆಯಿಂದ ಆ ಸಿನಿಮಾದವನ ಒಂದು ಡಿವಿಡಿ ತಂದಳು. ಆಗ ನನ್ನ ಬುದ್ಧಿಯೂ ಓಡಿತು. ನಮ್ಮ ಎದುರು ಫ್ಲ್ಯಾಟಿನಲ್ಲಿ ಒಮಾನಿ ಮುದುಕಿ ಬೀಬಿ ಸಲ್ಮಾ ಇದ್ದಾರೆ. ಅವರ ಹಿರಿಯರು ಆಫ್ರಿಕಾದ ಜಾಂಜಿಬಾರಿನಲ್ಲಿದ್ದು ಬಂದವರು, ಮೈಬಣ್ಣ ಎಣ್ಣೆಗಪ್ಪು, ಮಕ್ಕಳಿಗೆ ಬೈಯುವಾಗ ಮಾತ್ರ ಸ್ವಾಹಿಲಿ. ನಾವಿಬ್ಬರೂ ಸೇರಿದರೆ ನಮ್ಮದೇ ಒಂದು ಹಿಂದಿ, ಅದು ಮೂರನೆಯವರಿಗೆ ತಿಳಿಯುವುದಿಲ್ಲ. ಕಪ್ಪು ಜನರ ವಿಷಯವನ್ನು ಇವರಿಗಿಂತ ಚೆನ್ನಾಗಿ ಯಾರು ಹೇಳುತ್ತಾರೆ ಎಂದುಕೊಂಡು ಕರೆದು ಸೋಫಾದಲ್ಲಿ ಕೂರಿಸಿದೆ. “ಬೀಬಿ, ಯೇ ತುಮ್ಹಾರಾ ಲೋಗ್ ಕಾ ಸಿನಿಮಾ. ಅಚ್ಛಾ ಹೈ, ಬುರಾ ಹೈ, ಬೋಲೋ,” ಎಂದೆ, ದೊಡ್ಡ ಪಂಡಿತೆಯ ಹಾಗೆ.

ಬೀಬಿ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ಮೇರಾ ಲೋಗ್? ವೋ ಅಮೆರಿಕಾ. ಮೈ ಮಸ್ಕತ್. ತುಮ್ ಪಂಜಾಬ್ ಕಾ ಜವಾಬ್ ದೇತಾ?”

ಪಂಜಾಬಿನವರು ಏನಾದರೂ ಮಾಡಿದರೆ ನೀನು ಉತ್ತರ ಕೊಡುತ್ತೀಯಾ ಎಂದು! ನಾನು ನಮ್ಮ ತಾಲೂಕು ದಾಟಿದವರ ಬಗ್ಗೆಯೇ ಉತ್ತರ ಕೊಡಲಾರೆ. ಬಣ್ಣ ನೋಡಿ ಜನರನ್ನು ಒಂದೇ ಚೀಲಕ್ಕೆ ತುಂಬಿಬಿಟ್ಟಿದ್ದೆ. “ಮಾಫ್ ಕರೋ, ಬೀಬಿ,” ಎಂದೆ. “ಖಲಾಸ್, ಖಲಾಸ್,” ಎಂದು ಕೈ ಬೀಸಿದರು. ಒಳ್ಳೆಯ ಜನ, ಎದ್ದು ಹೋಗಲಿಲ್ಲ.

ಸಿನಿಮಾದಲ್ಲಿ ಒಂದು ಮದುವೆಮನೆ. ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿ ಕೂತ ಒಬ್ಬಳು ದಪ್ಪ ಅತ್ತೆ. ಒಳಗೆ ಹೋಗುವವರ ಕೈ ನೋಡುವುದು, ಹೊರಗೆ ಬರುವವರ ಬಾಯಿ ನೋಡುವುದು. ಮಾತು ನಮಗೆ ಅರ್ಥವಾಗದಿದ್ದರೂ ಬೈಗುಳ ಅರ್ಥವಾಗುತ್ತಿತ್ತು. ಹತ್ತು ನಿಮಿಷದಲ್ಲಿ ಬೀಬಿ ತೊಡೆ ತಟ್ಟಿಕೊಂಡು, “ಯೇ ಮೇರಾ ಸಾಸ್! ವಲ್ಲಾಹಿ, ಮೇರಾ ಸಾಸ್!” ಎಂದು ನಗತೊಡಗಿದರು. ಅವರ ಅತ್ತೆಯೂ ಹಾಗೆಯೇ ಇದ್ದರಂತೆ. ನನಗೂ ನನ್ನ ಅತ್ತೆಯ ನೆನಪು ಬಂತು. ಬಂದದ್ದು ಮತ್ತೆ ಹೋಗಲೇ ಇಲ್ಲ.

ಊರಿನಲ್ಲಿ ನಾವು ಏಳೆಂಟು ಹೆಂಗಸರು ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಸೇರಿ ಬೀಡಿ ಕಟ್ಟುತ್ತಿದ್ದೆವು. ಮಡಿಲಲ್ಲಿ ಮೊರ, ಮೊರದಲ್ಲಿ ನೆನೆಸಿ ಕತ್ತರಿಸಿದ ಎಲೆ, ಒಂದು ಬದಿಗೆ ಹೊಗೆಸೊಪ್ಪಿನ ಪುಡಿ. ಕೈ ತನ್ನಷ್ಟಕ್ಕೆ ಸುತ್ತಿ, ಮಡಚಿ, ನೂಲು ಕಟ್ಟುತ್ತದೆ. ಅದಕ್ಕೆ ಕಣ್ಣು ಬೇಡ, ಬಾಯಿಯೂ ಬೇಡ. ಹಾಗಾಗಿ ಬಾಯಿ ಪೂರ್ತಿ ಖಾಲಿ. ಆ ಖಾಲಿ ಬಾಯಿಗೆ ಊರಿನವರೆಲ್ಲ ಆಹಾರ. ಅಣಕಿಸುವುದರಲ್ಲಿ ನಾನು ಎತ್ತಿದ ಕೈ. ಅತ್ತೆ ಡಾಕ್ಟರರ ಹತ್ತಿರ ಹೋದದ್ದು ಎಂಬುದು ನನ್ನ ದೊಡ್ಡ ಐಟಂ. “ಎಲ್ಲಿ ನೋವು?” ಎಂದು ಡಾಕ್ಟರರು ಕೇಳಿದರೆ ಅತ್ತೆ ಸೊಂಟಕ್ಕೆ ಎರಡು ಕೈ ಕೊಟ್ಟು, ಕೆಮ್ಮಿ, ತನ್ನ ಮದುವೆಯಿಂದ ಶುರು ಮಾಡುತ್ತಿದ್ದರು. ಎಂಟು ಹೆರಿಗೆ, ಒಂದು ಎಮ್ಮೆಯ ಸಾವು, ನಾದಿನಿಯ ಮೋಸ ಎಲ್ಲ ದಾಟಿ ಮೊಣಕಾಲಿಗೆ ಬರುವಷ್ಟರಲ್ಲಿ ಡಾಕ್ಟರರಿಗೇ ತಲೆನೋವು. ನಾನು ಮಾಡಿ ತೋರಿಸಿದರೆ ಹೆಂಗಸರು ಮೊರ ಕೆಳಗಿಟ್ಟು ನಗುತ್ತಿದ್ದರು. ಒಂದು ದಿನ ಅತ್ತೆ ಬಾಗಿಲ ಹಿಂದೆಯೇ ನಿಂತು ಕೇಳಿಸಿಕೊಂಡಿದ್ದರು. ಅವರು ಬಂದು ಕಂಬಕ್ಕೆ ಒರಗಿ ಕೂತು, “ಆ ಎಮ್ಮೆ ಸತ್ತದ್ದು ಇನ್ನೊಮ್ಮೆ ಮಾಡು,” ಎಂದರು. ಆಮೇಲೆ ನಮ್ಮಲ್ಲಿ ಅತಿ ಹೆಚ್ಚು ನಗುತ್ತಿದ್ದವರು ಅವರೇ. ಯಾರೂ ಕೇಳದ ಅವರ ನೋವನ್ನು ನಾನಾದರೂ ದಿನಾ ಹೇಳುತ್ತೇನಲ್ಲ ಎಂಬ ಸಮಾಧಾನವೂ ಇತ್ತೋ ಏನೋ.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಒಂದು ಸಲ ಕಟ್ಟಿದ ಬೀಡಿ ಕೊಡಲು ನಾನೂ ಅತ್ತೆಯೂ ಪೇಟೆಯ ಬೀಡಿ ಬ್ರಾಂಚಿಗೆ ಹೋಗಿದ್ದೆವು. ಸಾಲಿನಲ್ಲಿ ಹತ್ತಿಪ್ಪತ್ತು ಜನ. ಬ್ರಾಂಚಿನ ಯಜಮಾನರ ಹೆಂಡತಿ ನಮ್ಮನ್ನು ಕಂಡದ್ದೇ ಸೊಂಟಕ್ಕೆ ಎರಡು ಕೈ ಕೊಟ್ಟು, ಕೆಮ್ಮಿ, “ಡಾಕ್ಟ್ರೇ, ನನ್ನ ಮದುವೆ ಆದದ್ದು...” ಎಂದಳು. ನನ್ನದೇ ಮಾತು, ನನ್ನದೇ ಕೆಮ್ಮು. ಸಾಲಿಗೆ ಸಾಲೇ ನಕ್ಕಿತು. ಅತ್ತೆ ನಗಲಿಲ್ಲ. ಖಾಲಿ ಬುಟ್ಟಿ ಹಿಡಿದು ಗದ್ದೆಯ ಬದಿಯಲ್ಲಿ ಮನೆಗೆ ನಡೆಯುವಾಗ ಒಂದೇ ಮಾತು ಕೇಳಿದರು: “ಅವಳಿಗೆ ಅದನ್ನು ಕಲಿಸಿಕೊಟ್ಟದ್ದು ಯಾರು?”

ದೀಪ್ತಿಗೆ ನಾನು ಮೊದಲನೆಯ ಅರ್ಧ ಮಾತ್ರ ಹೇಳಿದೆ. ಎರಡನೆಯದನ್ನು ನುಂಗಿಕೊಂಡೆ, ಅದು ಎದುರು ಪಾರ್ಟಿಯ ಮಾತಲ್ಲವೇ? ಮೊಮ್ಮಗಳನ್ನು ಗೆಲ್ಲಿಸಲು ಸತ್ಯವನ್ನು ಇಷ್ಟು ಕತ್ತರಿಸುವುದು ತಪ್ಪಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎಲೆ ಕತ್ತರಿಸಿದ ಕೈ ನನ್ನದು. “ಅಪ್ಪನಿಗೆ ಹೇಳ್ಬೇಡ, ಆಯ್ತಾ ಮಗಾ?” ಎಂದೂ ಸೇರಿಸಿದೆ. ಅವಳು ಮಾತು ಉಳಿಸಿಕೊಂಡಳು. ಅಪ್ಪನಿಗೆ ಹೇಳಲಿಲ್ಲ, ಇಡೀ ಸಭೆಗೆ ಹೇಳಿದಳು.

ಸ್ಪರ್ಧೆ ಗುರುವಾರ; ಇಲ್ಲಿ ಗುರುವಾರ, ಶುಕ್ರವಾರ ಎಲ್ಲರಿಗೂ ವಾರದ ರಜೆ. ಎರಡನೇ ಸಾಲಿನಲ್ಲಿ ನಾನು, ಸೊಸೆ ವೀಣಾ, ಸದಾನಂದ. ಮೊದಲನೇ ಸಾಲಿನಲ್ಲಿ ಸದಾನಂದನ ಮ್ಯಾನೇಜರು. ಅವರ ಮಗನೂ ಸ್ಪರ್ಧೆಗೆ ಇದ್ದ. ದೀಪ್ತಿ ಮೈಕಿನ ಎದುರು ನಿಂತು ಏನೋ ಇಂಗ್ಲಿಷಿನಲ್ಲಿ ಹೇಳುತ್ತಾ ಇದ್ದಕ್ಕಿದ್ದಂತೆ ಮಡಿಲಲ್ಲಿ ಇಲ್ಲದ ಮೊರ ಇಟ್ಟುಕೊಂಡು, ಇಲ್ಲದ ಎಲೆ ಸುತ್ತತೊಡಗಿದಳು. ಕತ್ತು ಒಂದು ಕಡೆ ವಾಲಿಸಿ, ಬಾಯಿ ಓಡಿಸುತ್ತಾ. ಅಯ್ಯೋ, ಅದು ನಾನೇ! ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಪಕ್ಕಕ್ಕೆ ನೋಡಿದರೆ ಸದಾನಂದನ ಕಿವಿ ಕೆಂಪಗೆ.

ವೀಣಾ ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳಿದಳು: “ಅತ್ತೆ, ‘ನನ್ನ ಅಜ್ಜಿ ಬೀಡಿ ಕಟ್ಟುತ್ತಿದ್ದರು. ನಮ್ಮ ಮನೆಯಲ್ಲಿ ಆ ಮಾತು ಆಡುವ ಹಾಗಿಲ್ಲ. ಯಾರಾದರೂ ಅವರ ಕಥೆಯನ್ನು ಸಿನಿಮಾ ಮಾಡಿದರೆ ನನ್ನ ಅಪ್ಪ ಪೇಪರಿಗೆ ಕಾಗದ ಬರೆದು ಬೈಯುತ್ತಾರೆ. ನನ್ನ ಅಜ್ಜಿ ಮೊದಲನೇ ಸಾಲಿನಲ್ಲಿ ಕೂತು ನೋಡುತ್ತಾರೆ’ ಅಂತ ಹೇಳ್ತಿದ್ದಾಳೆ.”

ಆಮೇಲೆ ಎದುರು ಪಾರ್ಟಿಯ ಒಬ್ಬಳು ಕನ್ನಡಕದ ಹುಡುಗಿ ಎದ್ದಳು. ವೀಣಾ ಅದನ್ನೂ ಹೇಳಿದಳು. “ನಿನ್ನ ಅಜ್ಜಿ ನಗಬಹುದು. ಆದರೆ ನಿಮ್ಮವರಲ್ಲದವರು ಅದೇ ಅಣಕ ಮಾಡಿ ನಕ್ಕರೆ, ಅದನ್ನು ಅವರಿಗೆ ಕಲಿಸಿದವರು ಯಾರು?” ನನ್ನ ಅತ್ತೆಯೇ ವಿಮಾನ ಹತ್ತಿ ಬಂದು, ಕನ್ನಡಕ ಹಾಕಿಕೊಂಡು, ಸ್ಟೇಜಿನಲ್ಲಿ ನಿಂತ ಹಾಗಾಯಿತು. ನುಂಗಿಕೊಂಡ ಅರ್ಧ ಗಂಟಲಿಗೆ ಬಂತು. ಎಂತ ಕೆಲಸ ಮಾಡಿಬಿಟ್ಟೆ, ಪೂರ್ತಿ ಹೇಳಿದ್ದರೆ ಮಗು ಉತ್ತರ ತಯಾರು ಮಾಡಿಕೊಳ್ಳುತ್ತಿತ್ತಲ್ಲ!

ದೀಪ್ತಿ ಮೆಲ್ಲಗೆ ಹೇಳಿದ್ದನ್ನೂ ವೀಣಾ ಕನ್ನಡ ಮಾಡಿದಳು: “ಕೆಟ್ಟದಾಗಿ ನಗುವವರು ಇರ್ತಾರೆ, ಒಪ್ಪಿದೆ. ಅವರಿಗೆ ಹೆದರಿ ಅಜ್ಜಿಯನ್ನು ಒಳಗೆ ಅಡಗಿಸಿಟ್ಟರೆ, ಪ್ರೀತಿಯಿಂದ ನೋಡುವವರಿಗೂ ಅವರು ಕಾಣುವುದಿಲ್ಲ.” ಸಭೆಯಲ್ಲಿ ಈ ಸಲ ನಗು ಇಲ್ಲ, ಚಪ್ಪಾಳೆ. ನಾನು ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದೆ. ಆದರೂ ನಿಜ ಹೇಳುತ್ತೇನೆ, ನನಗೆ ಒಪ್ಪಿಗೆಯಾದದ್ದು ಅರ್ಧವೇ. ಆ ಗದ್ದೆಯ ಬದಿಯಲ್ಲಿ ಅತ್ತೆಯ ಮುಖ ನೋಡಿದವಳು ನಾನು.

ಕಾರಿನಲ್ಲಿ ಟ್ರೋಫಿ ನನ್ನ ಮಡಿಲಲ್ಲಿತ್ತು. “ಪಪ್ಪಾ, ಸಾರಿ,” ಎಂದಳು ದೀಪ್ತಿ. “ಮ್ಯಾನೇಜರ್ ಎದುರಲ್ಲೇ ಆಗ್ಬೇಕಿತ್ತಾ?” ಎಂದಷ್ಟೇ ಹೇಳಿದ ಸದಾನಂದ. ಶನಿವಾರದಿಂದ ಆಫೀಸಿನಲ್ಲಿ ಇವನ ತಲೆ ತಗ್ಗುತ್ತದೋ ಏನೋ ಎಂದು ನನಗೂ ಸಂಕಟ. ಮಗುವಿಗೆ ಬಾಯಿ ಕೊಟ್ಟವಳು ನಾನಲ್ಲವೇ?

ಸಂಜೆ ಬೇಗನೇ ಊಟಕ್ಕೆ ಕೂತೆವು. ಕುಚ್ಚಲಕ್ಕಿ ಅನ್ನ, ಅಂಜಲ್ ಮೀನಿನ ಸಾರು, ನಾಲ್ಕು ತುಂಡು ಹುರಿದದ್ದು. ಎರಡನೇ ತುತ್ತಿಗೆ ಸದಾನಂದನ ಮೊಬೈಲು ಹೊಡೆದುಕೊಂಡಿತು. ಮ್ಯಾನೇಜರು! ಎಡಗೈಯಲ್ಲಿ ಹಿಡಿದು, ಕುರ್ಚಿಯಿಂದ ಅರ್ಧ ಎದ್ದು, “ಎಸ್ ಸಾರ್, ಥ್ಯಾಂಕ್ಯೂ ಸಾರ್” ಎಂದ. ಆಮೇಲೆ ಅವರು ಏನೋ ಕೇಳಿದರು. ಇವನು ನನ್ನ ಮುಖ ನೋಡಿದ. ನನ್ನ ಕೈಯ ತುತ್ತು ಅಲ್ಲೇ ನಿಂತಿತು. “ಎಸ್ ಸಾರ್,” ಎಂದ, ಗಂಟಲು ಸರಿ ಮಾಡಿಕೊಂಡು. “ಮೈ ಮದರ್. ಬೀಡಿ. ಎಸ್ ಸಾರ್, ಬೀಡಿ.” ಅಷ್ಟು ಇಂಗ್ಲಿಷು ನನಗೂ ಅರ್ಥವಾಗುತ್ತದೆ.

ಫೋನ್ ಇಟ್ಟು, ಯಾರ ಮುಖವನ್ನೂ ನೋಡದೆ, ಅನ್ನ ಕಲಸತೊಡಗಿದ. ನನಗೆ ಅಳು ಬರುವ ಹಾಗಾಯಿತು. ಅಳು ಬಂದಾಗ ನಾನು ಮಾಡುವ ಕೆಲಸ ಒಂದೇ. ಹುರಿದ ಮೀನಿನ ತುಂಡನ್ನು ಕಿವಿಗೆ ಹಿಡಿದು, ಕುರ್ಚಿಯಿಂದ ಅರ್ಧ ಎದ್ದು, “ಎಸ್ ಸಾರ್, ಥ್ಯಾಂಕ್ಯೂ ಸಾರ್” ಎಂದೆ. ವೀಣಾಳಿಗೆ ನಗು ತಡೆಯದೆ ನೆತ್ತಿಗೇರಿತು. ಸದಾನಂದ ಕಲಸುವುದು ನಿಲ್ಲಿಸಿದ. ನಾನು ಹೆದರಿದೆ.

“ಅಮ್ಮ,” ಎಂದ ಗಂಭೀರವಾಗಿ, “ಎರಡು ಸಲ ಅಲ್ಲ ನಾನು ‘ಸಾರ್’ ಹೇಳಿದ್ದು. ಕಮ್ಮಿಯಲ್ಲಿ ಐದಾರು ಸಲ ಉಂಟು. ಸರಿಯಾಗಿ ಮಾಡು.”

ಸರಿಯಾಗಿ ಮಾಡಿದೆ. ನಕ್ಕೂ ನಕ್ಕೂ ಅವನ ಕಣ್ಣಲ್ಲಿ ನೀರು. ಆಗ ದೀಪ್ತಿ ಅವನ ಮೊಬೈಲು ಎತ್ತಿ ಅದರ ಕ್ಯಾಮೆರಾ ನನ್ನ ಕಡೆ ತಿರುಗಿಸಿದಳು. “ಅಜ್ಜಿ, ಇನ್ನೊಮ್ಮೆ! ನನ್ನ ಫ್ರೆಂಡ್ಸಿಗೆಲ್ಲ ತೋರಿಸ್ತೇನೆ.”

“ಬೇಡ, ಬೇಡ!” ಎಂದು ಮೀನು ತಟ್ಟೆಗಿಟ್ಟು ಸೆರಗು ಸರಿ ಮಾಡಿಕೊಂಡೆ. “ನಮ್ಮ ಮನೆ ಒಳಗಿನದ್ದು ಹೊರಗಿನವರಿಗೆ ಎಂತಕ್ಕೆ?”

ಮೂವರೂ ನನ್ನನ್ನೇ ನೋಡಿದರು. “ಈಗ ಯಾರು ಮಾರಾಯ್ತಿ ಟೀಕೆಯವರು?” ಎಂದ ಸದಾನಂದ. ನಾನು ಬಾಯಿತುಂಬ ಅಂಜಲ್ ತುಂಬಿಕೊಂಡೆ, ತುಂಬಿದ ಬಾಯಲ್ಲಿ ಮಾತಾಡಬಾರದಲ್ಲ. ವೀಣಾ ಎಲ್ಲರಿಗೂ ಇನ್ನೊಂದು ಸೌಟು ಸಾರು ಬಡಿಸಿದಳು, ನಾಲ್ವರೂ ತಟ್ಟೆಗೆ ಬಾಗಿ ಊಟ ಮಾಡಿದೆವು.